ನಮ್ಮದಲ್ಲದ ಮರಿ

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹುಣಸೆ ಹಣ್ಣಾಗುವ ಕಾಲಕ್ಕೇ ಹಕ್ಕಿಗಳು ಮರಿ ಮಾಡುತ್ತವೆ. ಹಿತ್ತಿಲ ಮರ, ಬೀದಿ ಬದಿಯ ಮರ ಎನ್ನದೆ ಬಣ್ಣದ ಕೊಕ್ಕರೆಗಳೂ ಹೆಜ್ಜಾರ್ಲೆಗಳೂ (ಪೆಲಿಕನ್) ನೆತ್ತಿಯ ಕೊಂಬೆಗಳಲ್ಲಿ ಕಡ್ಡಿ ಜೋಡಿಸಿ ಗೂಡು ಕಟ್ಟುತ್ತವೆ. ಹುಣಸೆ ಬಡಿಯಬೇಕೆಂದರೆ ಮರ ಹತ್ತಬೇಕು, ಕೊಂಬೆ ಅಲುಗಿಸಬೇಕು. ಅಲುಗಿಸಿದರೆ ಮೊಟ್ಟೆ ಉರುಳುತ್ತದೆ, ಮರಿ ಬೀಳುತ್ತದೆ. ಹಾಗಾಗಿ ಅಲ್ಲಿನ ಜನ ಎಷ್ಟೋ ತಲೆಮಾರುಗಳಿಂದ ಹಣ್ಣಿನ ಆಸೆ ಬಿಟ್ಟು ಗೂಡುಗಳನ್ನು ಉಳಿಸಿಕೊಂಡು ಬಂದಿದ್ದಾರೆ.

ಕರುಣೆ ಎಂದರೇನು ಎಂದು ಯೋಚಿಸುವಾಗ ನನಗೆ ಈ ಊರೇ ಕಣ್ಣಮುಂದೆ ಬರುತ್ತದೆ. ನೋವು ಕಂಡು ಮನಸ್ಸು ಕರಗುವುದು ಎಲ್ಲರಿಗೂ ಆಗುವಂಥದ್ದು. ಆದರೆ ಗೂಡುಗಳ ಕೆಳಗೆ ತಿಂಗಳುಗಟ್ಟಲೆ ಸಂಸಾರ ಮಾಡುವುದು ಬೇರೆಯೇ ಮಾತು. ಬೆಳೆದ ಹೆಜ್ಜಾರ್ಲೆ ನಾಲ್ಕೈದು ಕಿಲೋ ತೂಗುತ್ತದೆ. ತಿನ್ನುವುದು ಮೀನು. ಹಿಕ್ಕೆ ಬಿದ್ದು ಎಲೆ, ಹೆಂಚು, ಅಂಗಳವೆಲ್ಲ ಬೆಳ್ಳಗಾಗುತ್ತದೆ. ಜೊತೆಗೆ ಮೀನಿನ ನಾತ, ಹಸಿದ ಮರಿಗಳ ಗಲಾಟೆ. ಇಷ್ಟನ್ನು ವರ್ಷವರ್ಷವೂ ತಾಳಿಕೊಳ್ಳುವ ಮನೆಗಳಲ್ಲಿ ಕರುಣೆ ದಿನದ ಕೆಲಸಗಳೊಳಗೇ ಸೇರಿಹೋಗಿದೆ.

ಇದರಲ್ಲಿ ಜನರಿಗೂ ಲಾಭವಿದೆಯಲ್ಲ ಎನ್ನಬಹುದು. ಹೌದು, ಹಿಕ್ಕೆ ಹೊಲಕ್ಕೆ ಒಳ್ಳೆಯ ಗೊಬ್ಬರ. ಹುಣಸೆಯ ನಷ್ಟಕ್ಕೆ ಅರಣ್ಯ ಇಲಾಖೆ ಮರದ ಒಡೆಯರಿಗೆ ಒಂದಿಷ್ಟು ಪರಿಹಾರ ಕೊಟ್ಟಿದೆ. 2007ರಲ್ಲಿ ಊರು ಸಮುದಾಯ ಮೀಸಲು ಪ್ರದೇಶವೆಂದೂ ಘೋಷಣೆಯಾಯಿತು. ಕೊಟ್ಟು ಪಡೆಯುವುದರಿಂದ ಕರುಣೆಗೆ ಕಳಂಕವೇನೂ ಇಲ್ಲ. ಆದರೂ ಈ ಲೆಕ್ಕಕ್ಕೆ ಸಿಗದ ಒಂದು ಜೀವವಿದೆ. ಅದು ಗೂಡಿನಿಂದ ಬಿದ್ದ ಮರಿ.

ಗಾಳಿಗೋ ಒಡಹುಟ್ಟುಗಳ ತಳ್ಳಾಟಕ್ಕೋ ಮರಿ ಕೆಳಗೆ ಬೀಳುತ್ತದೆ. ತಾಯಿ ನೆಲಕ್ಕಿಳಿದು ಅದಕ್ಕೆ ಉಣಿಸುವುದಿಲ್ಲ. ಅದು ಕ್ರೌರ್ಯವಲ್ಲ, ಮೇಲೆ ಉಳಿದ ಮರಿಗಳಿಗೇ ತಾಯಿಯ ಶಕ್ತಿಯೆಲ್ಲ ಬೇಕು. ಪ್ರಕೃತಿಯ ಪಾಲಿಗೆ ಆ ಮರಿಯ ಕಥೆ ಅಲ್ಲಿಗೆ ಮುಗಿಯಿತು. ಕೊಕ್ಕರೆ ಬೆಳ್ಳೂರಿನಲ್ಲಿ ಮಾತ್ರ ಅದು ಮುಂದುವರಿಯುತ್ತದೆ. 'ಹೆಜ್ಜಾರ್ಲೆ ಬಳಗ' ಎಂಬ ಗುಂಪಿನವರು ಬಿದ್ದ ಮರಿಗಳನ್ನು ಎತ್ತಿ ತಂದು, ಬಲೆ ಕಟ್ಟಿದ ಆವರಣದೊಳಗೆ ಬಿಟ್ಟು, ಗಾಯಕ್ಕೆ ಆರೈಕೆ ಮಾಡಿ, ಮೀನು ತಿನ್ನಿಸಿ ಸಾಕುತ್ತಾರೆ. ರೆಕ್ಕೆ ಬಲಿತ ಮೇಲೆ ಹಾರಲು ಬಿಡುತ್ತಾರೆ.

ನನಗೆ ಬೆರಗಾಗುವುದು ಇಲ್ಲಿಯೇ. ನೋಡಿದೊಡನೆ ಮುದ್ದು ಬರುವ ಮರಿಯೂ ಅಲ್ಲ ಅದು. ಕೆದರಿದ ಬಿಳಿ ತುಪ್ಪಳ, ಮೈಗೆ ಮೀರಿದ ಕೊಕ್ಕು, ಹತ್ತಿರ ಹೋದರೆ ಮೀನಿನ ವಾಸನೆ. ತನ್ನನ್ನು ಎತ್ತಿದ ಕೈ ಯಾರದೆಂದು ಅದಕ್ಕೆ ತಿಳಿಯದು. ಹಾರಿಹೋದ ಮೇಲೆ ಋಣವೆಂದು ನೆನೆಯುವುದೂ ಇಲ್ಲ. ತನ್ನ ಮಕ್ಕಳನ್ನು ಪೊರೆಯುವ ಮಮತೆ ಆ ಹಕ್ಕಿಗೂ ಇದೆ, ನಮಗೂ ಇದೆ. ಹಕ್ಕಿಯ ಮಮತೆ ಗೂಡಿನ ಅಂಚಿಗೆ ಬಂದು ನಿಲ್ಲುತ್ತದೆ. ಮನುಷ್ಯನ ಮಮತೆ ಅದನ್ನು ದಾಟಿ ಇನ್ನೊಂದು ಜೀವಜಾತಿಯ ಮರಿಯವರೆಗೂ ಹೋಗಬಲ್ಲದು. ಎಷ್ಟೆಲ್ಲ ಕ್ರೌರ್ಯ ಮಾಡಬಲ್ಲ ನಮ್ಮೊಳಗೇ ಇಂಥದ್ದೊಂದು ಶಕ್ತಿಯೂ ಇದೆಯಲ್ಲ ಎಂದು ಎಷ್ಟು ಸಲ ಯೋಚಿಸಿದರೂ ಸೋಜಿಗ ತೀರುವುದಿಲ್ಲ.

ಊರಿನವರು ಈ ಹಕ್ಕಿಗಳನ್ನು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಕರೆಯುತ್ತಾರೆ. ನಂಟಿದ್ದಲ್ಲಿ ಕರುಣೆ ತಾನಾಗಿ ಹುಟ್ಟುತ್ತದೆಂದು ನಾವು ತಿಳಿದಿದ್ದೇವೆ. ಇಲ್ಲಿ ನಂಟು ಮೊದಲೇ ಇರಲಿಲ್ಲ. ಜಾಗ ಕೊಟ್ಟು, ನಷ್ಟ ನುಂಗಿ, ವರ್ಷವರ್ಷವೂ ಕಾದು ಅದನ್ನು ಬೆಳೆಸಿಕೊಂಡರು. ಗೂಡಿನಿಂದ ಬಿದ್ದ ಮರಿಯಂತೆ ನಮ್ಮ ಬೀದಿಗಳಲ್ಲೂ ಆಸರೆ ತಪ್ಪಿದವರಿದ್ದಾರೆ: ಕೆಲಸ ಹುಡುಕಿ ಬಂದು ಫುಟ್‌ಪಾತಿನಲ್ಲಿ ಮಲಗುವವರು, ಮಕ್ಕಳು ದೂರದಲ್ಲಿರುವ ಮುದುಕರು. ಇವರು ನಮಗೇನಾಗಬೇಕು ಎಂದು ಮೊದಲೇ ಕೇಳುತ್ತ ಕುಳಿತರೆ ಯಾರೂ ಏನೂ ಆಗುವುದಿಲ್ಲ. ಕೈ ಚಾಚಿದ ಮೇಲೆ ಅವರು ನಮ್ಮವರಾಗುತ್ತಾರೆ.