ಇನ್ನೊಂದು ಲಾರಿಯ ಕಾಲು

ಅಪ್ಪನ ಫಾರ್ಗೋ ಲಾರಿಯನ್ನು ಮತ್ತೆ ರಸ್ತೆಗಿಳಿಸಬೇಕು ಅನ್ನೋ ಹುಚ್ಚು ನನಗೆ ಹತ್ತಿದ್ದು ಹೋದ ವರ್ಷ. ಒಂದು ಕಾಲದಲ್ಲಿ ತಿಪಟೂರಿನಿಂದ ಕೊಬ್ಬರಿ ಹೊತ್ತು ಓಡಾಡಿದ ಗಾಡಿ. 1944ರಲ್ಲಿ ವಾಲ್‌ಚಂದ್ ಹೀರಾಚಂದ್ ಶುರುಮಾಡಿದ ಪ್ರೀಮಿಯರ್ ಆಟೋಮೊಬೈಲ್ಸ್, ಅಮೆರಿಕದ ಕ್ರೈಸ್ಲರ್ ಜೊತೆಗಿನ ಒಪ್ಪಂದದಲ್ಲಿ ತಯಾರಿಸಿದ್ದು. ಎಂಜಿನ್ ಹೇಗೋ ಸ್ಟಾರ್ಟ್ ಆಯ್ತು. ಕೈಕೊಟ್ಟಿದ್ದು ಮುಂದಿನ ಸಸ್ಪೆನ್ಷನ್.

ಲಾರಿ ಕೆಳಗೆ ಬಗ್ಗಿ ನೋಡಿದರೆ ಬಿಲ್ಲಿನಂತೆ ಬಾಗಿದ ಉಕ್ಕಿನ ಪ್ಲೇಟುಗಳು ಒಂದರ ಮೇಲೊಂದು ಕೂತಿರುತ್ತವೆ. ಚಕ್ರ ಉಬ್ಬಿನ ಮೇಲೆ ಹತ್ತಿದಾಗ ಆ ಬಿಲ್ಲು ಚಪ್ಪಟೆಯಾಗುತ್ತೆ, ಹಾಗೇ ಸ್ವಲ್ಪ ಉದ್ದವಾಗುತ್ತೆ. ಆ ಉದ್ದಕ್ಕೆ ಜಾಗ ಬಿಡೋಕೆ ಒಂದು ತುದಿಯಲ್ಲಿ ಶ್ಯಾಕಲ್ ಅನ್ನೋ ತೂಗಾಡುವ ಕೊಂಡಿ, ಅದನ್ನು ಚಾಸಿಗೆ ಹಿಡಿದಿಡೋಕೆ ಒಂದು ಬ್ರ್ಯಾಕೆಟ್. ನಮ್ಮದರಲ್ಲಿ ಮೇನ್ ಪ್ಲೇಟು ಮುರಿದಿತ್ತು, ಬ್ರ್ಯಾಕೆಟ್ ಸೀಳಿತ್ತು. ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಫಾರ್ಗೋ ಅಂದ ಕೂಡಲೇ ನಕ್ಕುಬಿಟ್ಟರು.

ಕೊನೆಗೆ ಒಬ್ಬ ಬ್ರೋಕರ್ ಫೋನ್ ಮಾಡಿದ. "ಸಾರ್, ಅರಸೀಕೆರೆ ಕಡೆ ಒಂದು ಡಾಡ್ಜ್ ಐತೆ. ಹೆಸರು ಬೇರೆ ಅಷ್ಟೇ, ಒಳಗೆಲ್ಲಾ ನಿಮ್ದೇ. ಒರಿಜಿನಲ್ ಸೆಟ್ಟು, ಬಿಚ್ಚಿಸಿಕೊಡ್ತೀನಿ."

ಗುಜರಿ ಅಂದುಕೊಂಡು ಹೋದೆ. ನೋಡಿದರೆ ಓಡುತ್ತಿರೋ ಲಾರಿ! ಊರೊಳಗೇ ಇಟ್ಟಿಗೆ, ಗೊಬ್ಬರ ಸಾಗಿಸುತ್ತಿತ್ತು. ಅದರ ಯಜಮಾನರಿಗೆ ವಯಸ್ಸಾಗಿತ್ತು. ಬೆಲೆ ಕೇಳಿಸಿಕೊಂಡು ಸುಮಾರು ಹೊತ್ತು ಸುಮ್ಮನಿದ್ದರು. "ಕೊಡ್ತೀನಿ ತಗೋ ಮಗಾ. ಮೊಮ್ಮಗಳ ಫೀಸು ಕಟ್ಟಬೇಕು. ಆದ್ರೆ ಕಾಲು ನೀನು ತಗೊಂಡೋದ್ಮೇಲೆ ಇದು ಯಾವುದರ ಮೇಲೆ ನಿಲ್ಲುತ್ತೆ?"

ಚುಚ್ಚೋಕೆ ಕೇಳಿದ್ದಲ್ಲ. ಆದರೆ ನನಗೆ ಚುಚ್ಚಿತು.

ಲೆಕ್ಕಕ್ಕೆ ಎಲ್ಲ ಸರಿಯಾಗೇ ಇತ್ತು. ನಾನು ಕೊಳ್ಳೋಕೆ ರೆಡಿ, ಅವರು ಕೊಡೋಕೆ ರೆಡಿ. ಕಳ್ಳತನವಿಲ್ಲ, ಮೋಸವಿಲ್ಲ. ಆದರೂ ಎರಡು ಒಪ್ಪಿಗೆಗಳ ತೂಕ ಒಂದೇನಾ? ನಾನು ಬೇಡ ಅಂದರೆ ನನ್ನ ಒಂದು ನೆನಪು ಶೆಡ್ಡಿನಲ್ಲೇ ಉಳಿಯುತ್ತೆ. ಅವರು ಬೇಡ ಅಂದರೆ ಫೀಸು ಉಳಿಯುತ್ತೆ. ಆಸೆಯಿಂದ ಹೇಳುವ 'ಹೂಂ', ಅಗತ್ಯದಿಂದ ಹೇಳುವ 'ಹೂಂ' ಕೇಳೋಕೆ ಒಂದೇ ಥರ ಇರುತ್ತವೆ.

ಇನ್ನು ಆ 'ಒರಿಜಿನಲ್' ಅನ್ನೋ ಮಾತು. ಆ ಪ್ಲೇಟುಗಳು ಫ್ಯಾಕ್ಟರಿಯಿಂದ ಬಂದಿದ್ದು ಅವರ ಲಾರಿಯ ಜೊತೆ. ನನ್ನ ಲಾರಿಗೆ ಅವು ಹೊರಗಿನವೇ. ಹೊಸದಾಗಿ ಮಾಡಿಸಿದ ಪ್ಲೇಟು ಎಷ್ಟು ಹೊರಗಿನದೋ ಅಷ್ಟೇ.

ಒಂದು ವಾರಕ್ಕೆ ಸೆಟ್ಟನ್ನು ಬಾಡಿಗೆಗೆ ಕೊಡ್ತೀರಾ ಅಂತ ಕೇಳಿದೆ. ಕೊಟ್ಟರು. ಮಾದರಿ ನೋಡಿ ಕಮಾನ್ ಕೆಲಸದವರು ಎರಡೂ ಕಡೆಗೆ ಹೊಸ ಪ್ಲೇಟು ಮಾಡಿದರು. ಒಂದೇ ಕಡೆ ಬದಲಾಯಿಸಿದರೆ ಗಾಡಿ ವಾಲುತ್ತೆ. ಉಕ್ಕನ್ನು ಕೆಂಪಗೆ ಕಾಯಿಸಿ, ಬಾಗಿಸಿ, ಎಣ್ಣೆಯಲ್ಲಿ ಅದ್ದಿ, ಮತ್ತೆ ಹದವಾಗಿ ಕಾಯಿಸಬೇಕಂತೆ. ಕೊನೆಯ ಹದ ತಪ್ಪಿದರೆ ಗಾಜಿನ ಹಾಗೆ ಮುರಿಯುತ್ತೆ. ಬ್ರ್ಯಾಕೆಟ್ಟನ್ನು ಪೀಣ್ಯದಲ್ಲಿ ಎರಕ ಹೊಯ್ಯಿಸಿದೆ. ಲೋಹ ಆರುವಾಗ ಕುಗ್ಗುತ್ತಲ್ಲ, ಅದಕ್ಕೆ ಅಚ್ಚನ್ನು ತುಸು ದೊಡ್ಡದೇ ಮಾಡಿದರು. ಹಳೇ ಸೆಟ್ಟಿಗೆ ಹೊಸ ಬುಶ್ ಹಾಕಿಸಿ ವಾಪಸ್ ಕೊಟ್ಟೆ. ಎರಡು ಲಾರಿಯೂ ನಿಂತವು. ತಗೊಂಡರೆ ಒಬ್ಬರ ಹತ್ತಿರ ಇರೋದು ಕಮ್ಮಿಯಾಗುತ್ತೆ, ಅಳತೆ ತಗೊಂಡರೆ ಕಮ್ಮಿಯಾಗಲ್ಲ ಅಂತ ಖುಷಿಪಟ್ಟೆ.

ಮನೆಯಲ್ಲಿ ಈ ಕತೆಯನ್ನು ಸ್ವಲ್ಪ ಜಂಬದಿಂದಲೇ ಹೇಳಿದೆ. ಹೆಂಡತಿ ಕೇಳಿದಳು: "ಅಲ್ಲ ಕಣೋ, ಬಾಡಿಗೆಯಲ್ಲಿ ಫೀಸು ಕಟ್ಟೋಕಾಯ್ತಾ?"

ಆಗಿರಲಿಕ್ಕಿಲ್ಲ. ಸೆಟ್ಟಿನ ಬೆಲೆಗೂ ನಾನು ಕೊಟ್ಟ ಬಾಡಿಗೆಗೂ ತುಂಬಾ ವ್ಯತ್ಯಾಸವಿತ್ತು. ಅವರು ಯೋಚಿಸಿ ಹೇಳಿದ 'ಹೂಂ' ಅನ್ನು ನಾನು ಪಕ್ಕಕ್ಕಿಟ್ಟು, ಅವರಿಗೆ ಯಾವುದು ಒಳ್ಳೆಯದು ಅಂತ ನಾನೇ ತೀರ್ಮಾನಿಸಿದ್ದೆ. ಅವರ ಲಾರಿ ಉಳೀತು, ನನ್ನ ಮನಸ್ಸು ಹಗುರಾಯ್ತು, ಅವರ ಖರ್ಚು ಅವರ ತಲೆ ಮೇಲೇ ಉಳೀತು. ತಪ್ಪು ಮಾಡದೇ ಇರೋದು ಬೇರೆ, ಇನ್ನೊಬ್ಬರಿಗೆ ಆಗಿಬರೋದು ಬೇರೆ. ನಾನು ಮೊದಲನೆಯದನ್ನು ಮಾಡಿ ಎರಡನೆಯದರ ಹೆಮ್ಮೆ ಪಟ್ಟಿದ್ದೆ.

ಮುಂದಿನ ಭಾನುವಾರ ಅರಸೀಕೆರೆ ಕಡೆ ಹೊರಟಿದ್ದೀನಿ. ಫಾರ್ಗೋದಲ್ಲೇ. ಉಳಿದ ದುಡ್ಡು ಜೇಬಲ್ಲಿದೆ. ಏನಂತ ಹೇಳಿ ಕೊಡೋದು ಅನ್ನೋದು ಮಾತ್ರ ಇನ್ನೂ ಗೊತ್ತಾಗ್ತಿಲ್ಲ.