ಕಲ್ಪಿತ ಶತ್ರುವೂ ಶ್ರಾವಕನ ಭಯವೂ

ಬಾದಾಮಿಯ ನಾಲ್ಕನೆಯ ಗುಹೆ ಜಿನಾಲಯ. ಕೆರೆಯ ಮೇಲೆ ಬಾಗಿ ನಿಂತ ಕೆಂಗಲ್ಲಿನ ಬೆಟ್ಟದಲ್ಲಿ ಕೊರೆದ ಆ ಗುಹೆಯ ಪಡಸಾಲೆಯ ಒಂದು ತುದಿಯಲ್ಲಿ ಭಗವಾನ್ ಪಾರ್ಶ್ವನಾಥರೂ ಇನ್ನೊಂದು ತುದಿಯಲ್ಲಿ ಬಾಹುಬಲಿ ಸ್ವಾಮಿಯೂ ನಿಂತಿದ್ದಾರೆ. ಪಾರ್ಶ್ವನಾಥರ ಮೇಲೆ ನಡೆದ ಉಪಸರ್ಗದ ಕಥೆ ಶ್ರಾವಕರಿಗೆಲ್ಲ ತಿಳಿದದ್ದು. ಕಮಠನ ಜೀವವು ದೇವಗತಿಯಲ್ಲಿ ಹುಟ್ಟಿ, ಪೂರ್ವಭವದ ವೈರವನ್ನು ನೆನೆದು, ಧ್ಯಾನಸ್ಥರಾದ ಸ್ವಾಮಿಯ ಎದುರಿಗೆ ಬಿರುಗಾಳಿ, ಬಿರುಮಳೆ, ಭೀಕರ ರೂಪಗಳನ್ನು ತಂದೊಡ್ಡಿತು. ಅವೆಲ್ಲ ಮಾಯೆಯ ಸೃಷ್ಟಿ. ಆದರೆ ಅವನ್ನು ಸೃಷ್ಟಿಸಿದ ದ್ವೇಷ ಮಾತ್ರ ಮಾಯೆಯಾಗಿರಲಿಲ್ಲ. ಆ ದ್ವೇಷದಿಂದ ಆದ ಕರ್ಮಬಂಧವೂ ಮಾಯೆಯಾಗಿರಲಿಲ್ಲ. ಕಲ್ಪನೆಯಲ್ಲಿ ಕಟ್ಟಿದ ಸೇನೆಯೂ ಕಟ್ಟಿದವನನ್ನು ನಿಜವಾಗಿಯೇ ಬಂಧಿಸುತ್ತದೆ ಎಂಬ ಈ ಮಾತು ಇಂದಿನ ಕಾಲಕ್ಕೆ ವಿಶೇಷವಾಗಿ ಪರಿಭಾವಿಸಬೇಕಾದದ್ದು. ಏಕೆಂದರೆ ಪರದೇಶದ ಸೇನೆ ಬಂದಿತು, ಪರಸ್ಥಳದ ಗುಂಪು ಬಂದಿತು ಎಂದು ಕಲ್ಪಿಸಿ ಬರೆದ ಕಥೆಗಳು ಕಳೆದ ನೂರೈವತ್ತು ವರ್ಷಗಳಲ್ಲಿ ಜನರ ಮನಸ್ಸನ್ನು ಆಳಿದಷ್ಟು ನಿಜವಾದ ದಂಡಯಾತ್ರೆಗಳೂ ಆಳಿಲ್ಲ.

ಈ ನಾಡಿಗೆ ದಂಡಯಾತ್ರೆ ಅಪರಿಚಿತವಲ್ಲ. ಕ್ರಿ.ಶ. 642ರ ಸುಮಾರಿಗೆ ಪಲ್ಲವ ನರಸಿಂಹವರ್ಮನು ವಾತಾಪಿಯನ್ನು ಹಿಡಿದನು. ಆತನ ಶಾಸನ ಬಾದಾಮಿಯ ಬಂಡೆಯ ಮೇಲೆ ಈಗಲೂ ಇದೆ. 1565ರ ಜನವರಿಯಲ್ಲಿ ವಿಜಯನಗರದ ಭಾಗ್ಯವನ್ನು ನಿರ್ಣಯಿಸಿದ ಯುದ್ಧಕ್ಕೆ ಹೆಸರು ಕೊಟ್ಟ ಎರಡು ಊರುಗಳಲ್ಲಿ ಒಂದಾದ ರಕ್ಕಸಗಿ ಹುನಗುಂದ ಸೀಮೆಯದು. 1857ರಲ್ಲಿ ಮುಧೋಳದ ಸಮೀಪದ ಹಲಗಲಿಯ ಬೇಡರು ಆಯುಧಗಳನ್ನು ಒಪ್ಪಿಸಲು ನಿರಾಕರಿಸಿದಾಗ ಆಂಗ್ಲರ ಸೈನ್ಯ ಆ ಊರಿಗೆ ಬೆಂಕಿಯಿಟ್ಟಿತು. ಆದುದರಿಂದ ಆಕ್ರಮಣದ ಭಯವೆಲ್ಲ ಹುಸಿ ಎಂದು ಹೇಳುವುದು ಸತ್ಯವಾಗದು. ಪ್ರಶ್ನೆ ಬೇರೆ. ಇಲ್ಲದ ಆಕ್ರಮಣವನ್ನು ಕಲ್ಪಿಸಿ ಹೇಳುವವನಿಗೂ, ಅದನ್ನು ಸವಿದು ಕೇಳುವವನಿಗೂ, ಕೇಳಿ ಹೆದರಿ ಕೈಯೆತ್ತುವವನಿಗೂ ಧರ್ಮವು ಏನು ಹೇಳುತ್ತದೆ?

ಇಂತಹ ಕಥನಕ್ಕೆ ಒಂದು ಪ್ರಕಾರದ ರೂಪ ಬಂದದ್ದು ಇಂಗ್ಲೆಂಡಿನಲ್ಲಿ. ಭಾರತದಲ್ಲಿ ಸೇವೆ ಸಲ್ಲಿಸಿ, 1857ರ ದಿಲ್ಲಿಯ ಮುತ್ತಿಗೆಯಲ್ಲಿ ಗಾಯಗೊಂಡಿದ್ದ ಜಾರ್ಜ್ ಚೆಸ್ನಿ ಎಂಬ ಸೇನಾಧಿಕಾರಿ 1871ರ ಮೇ ತಿಂಗಳಲ್ಲಿ ಬ್ಲ್ಯಾಕ್‌ವುಡ್ಸ್ ಮ್ಯಾಗಜೀನಿನಲ್ಲಿ ತನ್ನ ಹೆಸರು ಹಾಕದೆ ‘ಡಾರ್ಕಿಂಗ್ ಕದನ’ ಎಂಬ ಕಥೆಯನ್ನು ಪ್ರಕಟಿಸಿದನು. ಜರ್ಮನ್ ಭಾಷೆಯಾಡುವ ಸೇನೆಯೊಂದು ಇಂಗ್ಲೆಂಡನ್ನು ಗೆದ್ದುಕೊಂಡಿತೆಂಬುದು ಅದರ ವಸ್ತು. ಅದು ಎಬ್ಬಿಸಿದ ಕಳವಳ ಎಷ್ಟಿತ್ತೆಂದರೆ, ಪ್ರಧಾನಿ ಗ್ಲಾಡ್‌ಸ್ಟನ್ ಅದೇ ವರ್ಷದ ಸೆಪ್ಟೆಂಬರಿನಲ್ಲಿ ಸಾರ್ವಜನಿಕ ಭಾಷಣದಲ್ಲಿಯೇ ಇಂತಹ ಭೀತಿಯ ವಿರುದ್ಧ ಎಚ್ಚರಿಸಬೇಕಾಯಿತು. ಚೆಸ್ನಿಯ ಉದ್ದೇಶ ಸೇನೆಯ ಸುಧಾರಣೆ ಇದ್ದೀತು. ಆದರೆ ದಾರಿ ತೆರೆದ ಮೇಲೆ ಅದರಲ್ಲಿ ವ್ಯಾಪಾರಿಗಳೂ ನಡೆದರು. 1906ರಲ್ಲಿ ಡೈಲಿ ಮೇಲ್ ಪತ್ರಿಕೆಯು ವಿಲಿಯಂ ಲೆ ಕ್ಯೂ ಎಂಬವನಿಂದ ಜರ್ಮನ್ ಆಕ್ರಮಣದ ಧಾರಾವಾಹಿಯನ್ನು ಬರೆಯಿಸಿತು. ಪತ್ರಿಕೆ ಹೆಚ್ಚು ಮಾರಾಟವಾಗಬಲ್ಲ ಊರುಗಳ ಮೇಲೆಯೇ ಶತ್ರುಸೇನೆ ಹಾದುಹೋಗುವಂತೆ ಕಥೆಯಲ್ಲಿನ ದಾರಿಯನ್ನು ಬದಲಿಸಲಾಯಿತು. ಕಲ್ಪಿತ ಶತ್ರುವು ಯಾವ ಊರನ್ನು ಸುಡಬೇಕೆಂಬುದು ಲೆಕ್ಕದ ಪುಸ್ತಕದಿಂದ ನಿರ್ಣಯವಾಯಿತು!

ಅದೇ ಲೇಖಕನು 1909ರಲ್ಲಿ ಬರೆದ ಇನ್ನೊಂದು ಪುಸ್ತಕದಲ್ಲಿ ಇಂಗ್ಲೆಂಡಿನಲ್ಲಿ ನೆಲೆಸಿದ್ದ ಜರ್ಮನ್ನರೆಲ್ಲ ಗೂಢಚಾರರಂತೆ ಕಂಡರು. ಅವರಲ್ಲಿ ಬಹುಮಂದಿ ರೊಟ್ಟಿ ಬೇಯಿಸುವವರು, ಕ್ಷೌರಿಕರು, ಊಟದ ಮನೆಯ ಮಾಣಿಗಳು. 1915ರ ಮೇ ತಿಂಗಳಲ್ಲಿ ಲುಸಿಟಾನಿಯಾ ಹಡಗು ಮುಳುಗಿಸಲ್ಪಟ್ಟಾಗ ಲಿವರ್‌ಪೂಲ್, ಲಂಡನ್ ಮೊದಲಾದೆಡೆ ಜನರ ಗುಂಪುಗಳು ಜರ್ಮನ್ ಹೆಸರಿನ ಅಂಗಡಿಗಳನ್ನು ಒಡೆದು ಸೂರೆಮಾಡಿದವು. ಇದಕ್ಕೆಲ್ಲ ಕಥೆಗಳೇ ಕಾರಣವೆಂದರೆ ಅನ್ಯಾಯವಾದೀತು. ಯುದ್ಧ ನಿಜ, ಹಡಗಿನಲ್ಲಿ ಸತ್ತವರೂ ನಿಜ. ಆದರೆ ಬೀದಿಯ ರೊಟ್ಟಿಯಂಗಡಿಯವನೇ ಆ ಹಡಗನ್ನು ಮುಳುಗಿಸಿದವರ ಕಡೆಯವನೆಂದು ನಂಬಲು ಬೇಕಾದ ಸಿದ್ಧತೆಯನ್ನು ಹಲವು ವರ್ಷಗಳಿಂದ ಮಾಡುತ್ತ ಬಂದವುಗಳಲ್ಲಿ ಆ ಕಥೆಗಳೂ ಇದ್ದವು.

ರೇಡಿಯೋ ಬಂದ ಮೇಲೆ ಕಥೆಯ ವೇಗ ಹೆಚ್ಚಿತು. 1938ರ ಅಕ್ಟೋಬರ್ 30ರಂದು ಅಮೆರಿಕದಲ್ಲಿ ಆರ್ಸನ್ ವೆಲ್ಸ್ ಎಂಬ ನಟನು, ಮಂಗಳ ಗ್ರಹದವರು ಭೂಮಿಗೆ ದಾಳಿಯಿಟ್ಟರೆಂಬ ನಾಟಕವನ್ನು ವಾರ್ತೆಯ ರೂಪದಲ್ಲಿ ಪ್ರಸಾರಮಾಡಿದನು. ದೇಶವೇ ದಿಗಿಲುಬಿದ್ದು ಬೀದಿಗಿಳಿಯಿತೆಂದು ಮರುದಿನದ ಪತ್ರಿಕೆಗಳು ಬರೆದವು. ಅನಂತರದ ಸಂಶೋಧಕರು ಪರಿಶೀಲಿಸಿದಾಗ, ಆ ದಿಗಿಲನ್ನು ಪತ್ರಿಕೆಗಳೇ ಬಹುವಾಗಿ ಹಿಗ್ಗಿಸಿದ್ದವೆಂದು ತಿಳಿದುಬಂದಿತು. ಭಯದ ಕಥೆಯ ಮೇಲೆ ಭಯದ ಇನ್ನೊಂದು ಕಥೆ ಹುಟ್ಟಿತ್ತು. ಆದರೆ ಎಲ್ಲ ಸಲವೂ ಹೀಗೆ ನಗುವಿನಲ್ಲಿ ಮುಗಿಯಲಿಲ್ಲ. 1949ರ ಫೆಬ್ರವರಿ 12ರಂದು ದಕ್ಷಿಣ ಅಮೆರಿಕದ ಈಕ್ವೆಡಾರ್ ದೇಶದ ಕೀಟೋ ನಗರದಲ್ಲಿ ಅದೇ ಕಥೆಯನ್ನು ಅದೇ ರೀತಿ ಪ್ರಸಾರಮಾಡಿದಾಗ ಜನ ನಿಜವಾಗಿಯೇ ಹೆದರಿದರು. ಹುಸಿಯೆಂದು ತಿಳಿದ ಮೇಲೆ ರೊಚ್ಚಿಗೆದ್ದು ನಿಲಯದ ಕಟ್ಟಡಕ್ಕೆ ಬೆಂಕಿಯಿಟ್ಟರು. ಹಲವರು ಸತ್ತರು. ಭಯವು ಕರಗಿದಾಗ ಶಾಂತಿಯಾಗುವುದಿಲ್ಲ, ಕ್ರೋಧವಾಗುತ್ತದೆ ಎಂಬುದಕ್ಕೆ ಇದೊಂದು ನಿದರ್ಶನ.

ಕರ್ನಾಟಕವು ಇದರಿಂದ ದೂರವೆಂದು ಭಾವಿಸಲಾಗದು. 1990ರ ದಶಕದಲ್ಲಿ ರಾತ್ರಿ ಬಾಗಿಲು ತಟ್ಟುವ ದೆವ್ವದ ವದಂತಿ ಹಬ್ಬಿ, ಅನೇಕ ಊರುಗಳ ಮನೆಬಾಗಿಲುಗಳ ಮೇಲೆ ‘ನಾಳೆ ಬಾ’ ಎಂಬ ಬರೆಹ ಕಾಣಿಸಿಕೊಂಡಿತು. ಅದರಿಂದ ಕೆಟ್ಟದ್ದು ಸುಣ್ಣದ ಗೋಡೆಯಷ್ಟೇ. ಹಿರಿಯರು ಈಗಲೂ ನೆನೆದು ನಗುತ್ತಾರೆ. 2012ರ ಆಗಸ್ಟಿನಲ್ಲಿ ಹಾಗಾಗಲಿಲ್ಲ. ದಾಳಿ ನಡೆಯಲಿದೆಯೆಂಬ ಸಂದೇಶಗಳೂ, ಬೇರೆಲ್ಲಿಯೋ ನಡೆದ ವಿಪತ್ತಿನ ಚಿತ್ರಗಳೂ ಮೊಬೈಲುಗಳಲ್ಲಿ ಹರಿದಾಡಿ, ಈಶಾನ್ಯ ರಾಜ್ಯಗಳ ಸಾವಿರಾರು ಮಂದಿ ಬೆಂಗಳೂರನ್ನು ಬಿಟ್ಟು ಗುವಾಹಟಿಯ ರೈಲುಗಳಲ್ಲಿ ಕಿಕ್ಕಿರಿದು ಹೊರಟುಹೋದರು. ಬರಲಿದೆಯೆಂದ ಆ ದಾಳಿ ಬರಲೇ ಇಲ್ಲ. 2018ರಲ್ಲಿ ಮಕ್ಕಳ ಕಳ್ಳರ ವದಂತಿ ಹಬ್ಬಿತು. ಆಗ ಕೈಯಿಂದ ಕೈಗೆ ಸಾಗಿದ ಚಿತ್ರಗಳಲ್ಲಿ ಒಂದು, ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ರಕ್ಷಣೆಯ ತಿಳಿವಳಿಕೆಗಾಗಿ ನಟಿಸಿ ತೆಗೆದ ಕಿರುಚಿತ್ರ. ನಟನೆಯೆಂದು ತಿಳಿಸುವ ಕೊನೆಯ ಭಾಗವನ್ನು ಯಾರೋ ಕತ್ತರಿಸಿದ್ದರು. ಆ ವದಂತಿಯ ದಿನಗಳಲ್ಲಿ, ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ರಾಜಸ್ಥಾನದಿಂದ ಬಂದಿದ್ದ ಯುವಕನೊಬ್ಬನನ್ನು ಜನರ ಗುಂಪು ಹೊಡೆದು ಕೊಂದಿತು. ಜುಲೈ ತಿಂಗಳಲ್ಲಿ ಬೀದರ ಜಿಲ್ಲೆಯ ಮುರ್ಕಿಯಲ್ಲಿ, ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟು ಕೊಟ್ಟದ್ದೇ ಅಪರಾಧವಾಗಿ, ಹೈದರಾಬಾದಿನಿಂದ ಬಂದಿದ್ದ ಇಂಜಿನಿಯರೊಬ್ಬನು ಗುಂಪಿನ ಕೈಯಲ್ಲಿ ಪ್ರಾಣ ಕಳೆದುಕೊಂಡನು. ಕಥೆಯೆಂದು ತಯಾರಾದದ್ದು ಕಥೆಯೆಂಬ ಗುರುತನ್ನು ಕಳೆದುಕೊಂಡಾಗ ಏನಾಗುತ್ತದೆಂಬುದಕ್ಕೆ ಆ ವರ್ಷವೇ ಸಾಕ್ಷಿ.

ಇಲ್ಲಿ ಶಾಸ್ತ್ರದ ಕಡೆಗೆ ತಿರುಗಬೇಕು. ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡವನ್ನು, ಎಂದರೆ ಪ್ರಯೋಜನವಿಲ್ಲದೆ ಮಾಡುವ ಪಾಪವನ್ನು, ಐದು ಬಗೆಯಾಗಿ ವಿಂಗಡಿಸಿದ್ದಾರೆ: ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ, ಪ್ರಮಾದಚರ್ಯೆ. ದ್ವೇಷದಿಂದ ಪರರ ವಧೆಬಂಧನಗಳನ್ನು ಮನಸ್ಸಿನಲ್ಲಿ ಚಿಂತಿಸುವುದು ಅಪಧ್ಯಾನ. ರಾಗದ್ವೇಷಾದಿಗಳಿಂದ ಚಿತ್ತವನ್ನು ಕಲುಷಗೊಳಿಸುವ ಕಥೆಗಳಿಗೆ ಕಿವಿಗೊಡುವುದು ದುಃಶ್ರುತಿ. ದೋಷವು ಹೇಳುವವನದು ಮಾತ್ರವೆಂದು ಆಚಾರ್ಯರು ಬಿಡಲಿಲ್ಲ. ಕೇಳುವವನ ಕಿವಿಯನ್ನೂ ವ್ರತದೊಳಗೆ ತಂದರು. ಸಂದೇಶವನ್ನು ಬರೆದವನು ತಾನಲ್ಲ, ಬಂದದ್ದನ್ನು ಮುಂದಕ್ಕೆ ಕಳುಹಿಸಿದೆನಷ್ಟೆ ಎಂಬ ಸಮಾಧಾನಕ್ಕೆ ಈ ವಿಂಗಡಣೆಯಲ್ಲಿ ಎಡೆಯಿಲ್ಲ.

ಕನ್ನಡದ ಶ್ರಾವಕರಿಗೆ ಇದನ್ನು ತಿಳಿಸಲು ಇನ್ನೂ ಹತ್ತಿರದ ಕಥೆಯೊಂದಿದೆ. ಜನ್ನನು 1209ರಲ್ಲಿ ಪೂರೈಸಿದ ಯಶೋಧರ ಚರಿತೆಯಲ್ಲಿ, ರಾಣಿಯ ನಡತೆಯನ್ನು ಕಂಡು ನೊಂದ ಅರಸನು ಅದನ್ನು ತಾಯಿಯ ಮುಂದೆ ನೇರವಾಗಿ ಹೇಳಲಾರದೆ ಕೆಟ್ಟ ಕನಸೆಂಬ ನೆವದಿಂದ ಹೇಳುತ್ತಾನೆ. ತಾಯಿ ಚಂದ್ರಮತಿ ಹೆದರುತ್ತಾಳೆ. ಶಾಂತಿಗಾಗಿ ಬಲಿ ಕೊಡಬೇಕೆನ್ನುತ್ತಾಳೆ. ಪ್ರಾಣಿವಧೆಗೆ ಒಪ್ಪದ ಮಗನು ಕೊನೆಗೆ ಹಿಟ್ಟಿನ ಕೋಳಿಯನ್ನು ಕಡಿಯಲು ಒಪ್ಪುತ್ತಾನೆ. ಅಲ್ಲಿ ಸತ್ತದ್ದು ಯಾವ ಜೀವವೂ ಅಲ್ಲ. ಆದರೂ ತಾಯಿಮಕ್ಕಳು ಜನ್ಮಜನ್ಮಾಂತರಗಳಲ್ಲಿ ತಿರ್ಯಂಚರಾಗಿ ತೊಳಲುತ್ತಾರೆ. ಈ ಸರಣಿಯನ್ನು ನೋಡಬೇಕು: ಮೊದಲು ಕಟ್ಟಿದ ಕನಸು, ಅದರಿಂದ ಹುಟ್ಟಿದ ಭಯ, ಭಯದಿಂದ ಸಂಕಲ್ಪ, ಸಂಕಲ್ಪದಿಂದ ಬಂಧ. ಕಲ್ಪಿತ ಶತ್ರುವಿನ ಕಥೆಯೂ ಇದೇ ನಾಲ್ಕು ಮೆಟ್ಟಿಲುಗಳನ್ನು ಇಳಿಯುತ್ತದೆ. ಭೇದವಿಷ್ಟೆ: ಯಶೋಧರನ ಕೈಯಲ್ಲಿ ಸಿಕ್ಕಿದ್ದು ಹಿಟ್ಟಿನ ಕೋಳಿ, ಮುರ್ಕಿಯಲ್ಲಿ ಸಿಕ್ಕಿದವನು ಮನುಷ್ಯ.

ಇದಕ್ಕೊಂದು ಆಕ್ಷೇಪವುಂಟು. ಎಚ್ಚರವಿಲ್ಲದ ಜನ ನಾಶವಾಗುತ್ತಾರೆ, ಆದುದರಿಂದ ಶತ್ರುವನ್ನು ಮೊದಲೇ ಕಲ್ಪಿಸಿಕೊಳ್ಳುವುದು ವಿವೇಕವಲ್ಲವೇ ಎಂದು ಕೇಳಬಹುದು. ಜೈನಧರ್ಮವು ಗೃಹಸ್ಥನಿಗೆ ಆತ್ಮರಕ್ಷಣೆಯನ್ನು ನಿಷೇಧಿಸಿಲ್ಲ. ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂಬ ನಾಲ್ಕು ಹಿಂಸೆಗಳಲ್ಲಿ ಶ್ರಾವಕನು ಬಿಡಲೇಬೇಕಾದದ್ದು ಸಂಕಲ್ಪೀ ಹಿಂಸೆ. ಮೇಲೆ ಬಿದ್ದವನನ್ನು ತಡೆಯುವಾಗ ಆಗುವ ವಿರೋಧೀ ಹಿಂಸೆ ಅವನಿಗೆ ಅನಿವಾರ್ಯವೆಂದು ಒಪ್ಪಲಾಗಿದೆ. ಈ ರಿಯಾಯಿತಿಯ ಬಾಗಿಲಿನಿಂದಲೇ ಕಲ್ಪಿತ ಶತ್ರು ಒಳಗೆ ಬರುತ್ತಾನೆ. ಬೆಂಗಳೂರಿನಲ್ಲಿ ಹೊಡೆದವರಾಗಲಿ, ಬೀದರದಲ್ಲಿ ಹೊಡೆದವರಾಗಲಿ ಮಕ್ಕಳನ್ನು ರಕ್ಷಿಸುತ್ತಿದ್ದೇವೆಂದು ನಂಬಿದ್ದರು. ವಿರೋಧಿಯೇ ಇಲ್ಲದಲ್ಲಿ ವಿರೋಧೀ ಹಿಂಸೆ ಇರುವುದು ಹೇಗೆ? ಅಲ್ಲಿ ನಡೆದದ್ದು ರಕ್ಷಣೆಯ ವೇಷ ತೊಟ್ಟ ಸಂಕಲ್ಪೀ ಹಿಂಸೆ. ಆ ವೇಷವನ್ನು ಹೊಲಿದುಕೊಟ್ಟದ್ದು ಕಥೆ.

ಎಚ್ಚರದ ಮಾತಿಗೆ ಇನ್ನೂ ಒಂದು ಉತ್ತರವಿದೆ. ಸುಳ್ಳುಭಯವು ಎಚ್ಚರವನ್ನು ಹೆಚ್ಚಿಸುವುದಿಲ್ಲ, ದಿಕ್ಕು ತಪ್ಪಿಸುತ್ತದೆ. ಬಾಗಲಕೋಟೆ ಸೀಮೆಗೆ ಈ ಕಾಲದಲ್ಲಿ ಬಂದ ವಿಪತ್ತುಗಳು ಯಾವ ಸೇನೆಯೂ ತಂದವಲ್ಲ. ಆಲಮಟ್ಟಿಯ ಹಿನ್ನೀರು ಹಳೆಯ ಪಟ್ಟಣದ ಓಣಿಗಳನ್ನು ನುಂಗಿ, ತಲೆಮಾರುಗಳ ಮನೆಗಳನ್ನು ಬಿಟ್ಟು ಜನ ನವನಗರಕ್ಕೆ ಹೋಗಬೇಕಾಯಿತು. 2009ರಲ್ಲಿಯೂ 2019ರಲ್ಲಿಯೂ ಮಲಪ್ರಭೆ ಉಕ್ಕಿ ಬಾದಾಮಿ, ಹುನಗುಂದ ಭಾಗದ ನದೀತೀರದ ಹಳ್ಳಿಗಳು ನೀರಿನಲ್ಲಿ ನಿಂತವು. ಇಳಕಲ್ಲಿನ ನೇಕಾರನ ಮಗ್ಗವನ್ನು ನಿಲ್ಲಿಸುವುದು ಗಡಿಯಾಚೆಯ ಸೈನಿಕನಲ್ಲ. ನೂಲಿನ ಬೆಲೆ ಮತ್ತು ಯಂತ್ರಮಗ್ಗದ ಅಗ್ಗದ ಸೀರೆ. ಪರಸ್ಥಳದವನ ಮುಖದಲ್ಲಿ ಶತ್ರುವನ್ನು ಹುಡುಕುವ ಕಣ್ಣಿಗೆ ಹೊಳೆಯ ಮಟ್ಟ ಕಾಣುವುದಿಲ್ಲ.

ಹಾಗಾದರೆ ಆಕ್ರಮಣದ ಕಥೆಯೆಲ್ಲ ತ್ಯಾಜ್ಯವೇ? ಅನೇಕಾಂತವು ಅಷ್ಟು ಸುಲಭವಾದ ತೀರ್ಪನ್ನು ಕೊಡುವುದಿಲ್ಲ. ಐಹೊಳೆಯ ಮೇಗುತಿ ಜಿನಾಲಯದ ಗೋಡೆಯ ಮೇಲೆ ಕವಿ ರವಿಕೀರ್ತಿಯು ಕ್ರಿ.ಶ. 634ರ ಸುಮಾರಿಗೆ ಬರೆದ ಪ್ರಶಸ್ತಿಯು ಇಮ್ಮಡಿ ಪುಲಕೇಶಿಯ ದಿಗ್ವಿಜಯಗಳನ್ನು ಕೊಂಡಾಡುತ್ತದೆ. ಪಲ್ಲವರ ಅರಸನು ಕಾಂಚಿಯ ಕೋಟೆಯ ಹಿಂದೆ ಅಡಗಿದನೆನ್ನುತ್ತದೆ. ಅದನ್ನು ಓದಿ ಹೆಮ್ಮೆಪಡುವ ಕನ್ನಡಿಗನು, ಅಂದು ಕಾಂಚಿಯ ಮನೆಗಳಲ್ಲಿ ಬಾಗಿಲು ಮುಚ್ಚಿ ಕುಳಿತಿದ್ದವರಿಗೆ ಬಾದಾಮಿಯ ಸೇನೆ ಹೇಗೆ ಕಂಡಿತೆಂದು ಒಮ್ಮೆಯಾದರೂ ಯೋಚಿಸಬೇಕು. ಮಂಗಳ ಗ್ರಹದವರ ಆಕ್ರಮಣದ ಮೂಲ ಕಾದಂಬರಿಯನ್ನು 1898ರಲ್ಲಿ ಪ್ರಕಟಿಸಿದ ಎಚ್. ಜಿ. ವೆಲ್ಸ್ ತನ್ನ ನಾಡಿನವರಿಗೆ ಇದನ್ನೇ ಕೇಳಿದನು. ಅದರ ಮೊದಲ ಅಧ್ಯಾಯದಲ್ಲಿಯೇ, ಯುರೋಪಿನಿಂದ ಹೋದವರು ಟಾಸ್ಮೇನಿಯಾದ ಮೂಲನಿವಾಸಿಗಳನ್ನು ಅಳಿಸಿದ್ದನ್ನು ನೆನಪಿಸಿದ್ದಾನೆ. ಗೆದ್ದವನನ್ನು ಸೋತವನ ಜಾಗದಲ್ಲಿ ನಿಲ್ಲಿಸುವ ಕಥೆ ಕರುಣೆಯನ್ನು ಕಲಿಸುತ್ತದೆ. ನೆರೆಯವನನ್ನು ಶತ್ರುವಿನ ಜಾಗದಲ್ಲಿ ನಿಲ್ಲಿಸುವ ಕಥೆ ಕ್ರೌರ್ಯವನ್ನು ಕಲಿಸುತ್ತದೆ. ಓದಿ ಮುಗಿಸಿದಾಗ ಪರಕೀಯನ ವಿಷಯದಲ್ಲಿ ಮನಸ್ಸು ಮೃದುವಾಯಿತೋ ಕಠಿಣವಾಯಿತೋ ಎಂಬುದೇ ಎರಡರ ಒರೆಗಲ್ಲು.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ಸತ್ಯವ್ರತವನ್ನು ಕಾಯುವ ಭಾವನೆಗಳನ್ನು ಹೇಳುವಾಗ ಕ್ರೋಧ, ಲೋಭ, ಹಾಸ್ಯಗಳ ತ್ಯಾಗದ ಜೊತೆಗೆ ಭೀರುತ್ವದ ತ್ಯಾಗವನ್ನೂ, ವಿಚಾರಮಾಡಿ ನುಡಿಯುವುದನ್ನೂ ಸೇರಿಸಿದ್ದಾರೆ. ಅಂಜುಬುರುಕನು ಸತ್ಯವನ್ನು ಕಾಯಲಾರನೆಂಬ ಈ ದರ್ಶನ ಎಷ್ಟು ಸೂಕ್ಷ್ಮವಾದದ್ದು! ಭಯಗೊಂಡವನು ಸುಳ್ಳನ್ನು ಸುಳ್ಳೆಂದು ತಿಳಿದು ಹೇಳುವುದಿಲ್ಲ. ಪರೀಕ್ಷಿಸಲು ಪುರುಸೊತ್ತಿಲ್ಲದೆ ಹೇಳುತ್ತಾನೆ. ಆದುದರಿಂದ ಭಯದ ಸುದ್ದಿಯೊಂದು ಮನೆಗೆ ಬಂದಾಗ, ಇದನ್ನು ಕಂಡವರು ಯಾರು, ಇದರಿಂದ ಲಾಭ ಯಾರಿಗೆ, ಇದನ್ನು ನಂಬಿದರೆ ನೋಯುವವರು ಯಾರು ಎಂದು ಕೇಳುವ ಸ್ವಲ್ಪ ಹೊತ್ತಿನ ತಡೆಯೇ ಶ್ರಾವಕನ ಸತ್ಯಾಣುವ್ರತ. ಮನೆಯ ಹಿರಿಯರು ಮಕ್ಕಳೆದುರಿಗೆ ಇದನ್ನು ಮಾಡಿ ತೋರಿಸಬೇಕು.

ಬಸದಿಗಳ ವಿಶ್ವಸ್ತ ಮಂಡಳಿಗಳಿಗೂ ಇಲ್ಲಿ ಕರ್ತವ್ಯವಿದೆ. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳಲ್ಲಿ ಮೊದಲ ಮೂರಕ್ಕೆ ದಾನಿಗಳೂ ಲೆಕ್ಕಪತ್ರಗಳೂ ಇವೆ. ಅಭಯದಾನಕ್ಕೆ ಹಣ ಬೇಕಿಲ್ಲವಾದ್ದರಿಂದಲೋ ಏನೋ, ಅದು ಮರೆತಂತಾಗಿದೆ. ವದಂತಿಯ ದಿನ ಪರಸ್ಥಳದವನಿಗೆ ಬಸದಿಯ ಧರ್ಮಶಾಲೆಯ ಬಾಗಿಲು ತೆರೆದಿರುವುದು ಅಭಯದಾನ. ಶಾಸ್ತ್ರಸಭೆಯಲ್ಲಿ ಆ ವಾರ ಹಬ್ಬಿದ ಸುದ್ದಿಯ ನಿಜವನ್ನು ವಿಚಾರಿಸಿ ತಿಳಿಸುವುದೂ ಅಭಯದಾನ.

ಪಾರ್ಶ್ವನಾಥರ ಕಥೆ ಉಪಸರ್ಗದಲ್ಲಿ ಮುಗಿಯುವುದಿಲ್ಲ. ಧರಣೇಂದ್ರ ಪದ್ಮಾವತಿಯರು ಬಂದು ಹೆಡೆಯೆತ್ತಿ ನೆರಳು ಕೊಟ್ಟರು, ಸ್ವಾಮಿಗೆ ಕೇವಲಜ್ಞಾನವಾಯಿತು. ಕಮಠನ ಜೀವವನ್ನು ಯಾರೂ ಕೊಲ್ಲಲಿಲ್ಲ. ಅದು ತಾನೇ ಸೃಷ್ಟಿಸಿದ ಭಯಗಳೆಲ್ಲ ವ್ಯರ್ಥವಾದದ್ದನ್ನು ಕಂಡು, ವೈರವನ್ನು ಬಿಟ್ಟು, ಸಮ್ಯಕ್ತ್ವವನ್ನು ಪಡೆಯಿತು. ಹೆದರಿಸುವವನಿಗೂ ದಾರಿಯುಂಟು, ಹೆದರದೆ ನಿಂತವರು ಒಬ್ಬರಾದರೂ ಅವನೆದುರಿಗೆ ಇರಬೇಕು.