ಮುಚ್ಚಳ ಹಾಕಿದ ಮೇಲೆ

ಕಳೆದ ಮಳೆಗಾಲದಲ್ಲಿ ನನ್ನ ಕೈಯಿಂದ ಒಂದು ಜೇಡ ಸತ್ತಿತು. ಹೀಗೆ ಬರೆದರೆ ನಗುವವರೇ ಹೆಚ್ಚು ಎಂದು ಗೊತ್ತು. ಹಬ್ಬಕ್ಕೆ ಮುಂಚೆ ಧೂಳು ಹೊಡೆಯುವಾಗ ಪ್ರತಿ ಮನೆಯಲ್ಲೂ ಹತ್ತಾರು ಜೇಡಗಳು ಪೊರಕೆಗೆ ಸಿಕ್ಕಿ ಹೋಗುತ್ತವೆ. ಅವುಗಳ ಲೆಕ್ಕವನ್ನು ಯಾರೂ ಇಟ್ಟಿಲ್ಲ, ನಾನೂ ಇಟ್ಟಿಲ್ಲ. ಆದರೂ ಈ ಒಂದು ಸಾವು ಮಾತ್ರ ಮನಸ್ಸಿನಿಂದ ಇಳಿಯುತ್ತಿಲ್ಲ. ಯಾಕೆ ಎಂಬುದನ್ನು ನನಗೇ ತಿಳಿ ಮಾಡಿಕೊಳ್ಳಲು ಇದನ್ನು ಬರೆಯುತ್ತಿದ್ದೇನೆ.

ನನ್ನ ಪಿಎಚ್.ಡಿ. ವಿಷಯಕ್ಕೂ ಜೇಡಕ್ಕೂ ಸಂಬಂಧವಿಲ್ಲ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳಲ್ಲಿ ಹೆಣ್ಣುಮಕ್ಕಳು ಹಾಡುವ ಹಾಡುಗಳನ್ನು ಸಂಗ್ರಹಿಸುವುದು ನನ್ನ ಕೆಲಸ. ಈಗ ಇವೆಲ್ಲ ಒಂದೇ ಜಿಲ್ಲೆಯವು. ಆದರೆ 1997ರಲ್ಲಿ ದಾವಣಗೆರೆ ಜಿಲ್ಲೆ ಆಗುವವರೆಗೆ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗಕ್ಕೂ ಜಗಳೂರು ಚಿತ್ರದುರ್ಗಕ್ಕೂ ಸೇರಿದ್ದವು. ನ್ಯಾಮತಿ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾದದ್ದು ತೀರಾ ಈಚೆಗೆ. ಸೂಳೆಕೆರೆ ನೀರಿನ ಚನ್ನಗಿರಿಯ ಅಡಿಕೆ ತೋಟಗಳು, ತುಂಗಭದ್ರೆಯ ದಂಡೆಯ ಹೊನ್ನಾಳಿಯ ಗದ್ದೆಗಳು, ಸಂತ ಸೇವಾಲಾಲರ ಸೂರಗೊಂಡನಕೊಪ್ಪ ಇರುವ ನ್ಯಾಮತಿ, ಮಳೆಗಾಗಿ ಮುಗಿಲು ನೋಡುವ ಜಗಳೂರು. ನೆಲ ಬದಲಾದಂತೆ ಹಾಡಿನ ಧಾಟಿಯೂ ಬದಲಾಗುತ್ತದೆಯೇ ಎಂದು ನೋಡುವುದು ನನ್ನ ಪ್ರಬಂಧದ ಉದ್ದೇಶ.

ಈ ಕೆಲಸದಲ್ಲಿ ಹಾಡು ಕೇಳುವುದಕ್ಕಿಂತ ಕಾಯುವುದೇ ಹೆಚ್ಚು. ಹಾಡುವವರು ತೋಟದಿಂದ ಬರಬೇಕು, ಒಲೆ ಮುಂದಿನ ಕೆಲಸ ಮುಗಿಯಬೇಕು. ಹಾಗೆ ಚನ್ನಗಿರಿ ಕಡೆಯ ಒಂದು ಮನೆಯ ಜಗಲಿಯಲ್ಲಿ ಕಾಯುತ್ತ ಕೂತಿದ್ದಾಗ, ಗೋಡೆಯ ಮೇಲಿದ್ದ ಬೆರಳುಗುರಿನಷ್ಟು ಜೇಡವೊಂದು ತಿರುಗಿ ನನ್ನನ್ನು ನೋಡಿತು. ಜೇಡ ನೋಡಿತು ಎನ್ನುವ ಮಾತನ್ನು ಅದಕ್ಕೆ ಮುಂಚೆ ನಾನು ಆಡಿರಲಿಲ್ಲ. ನಾನು ಎಡಕ್ಕೆ ವಾಲಿದರೆ ಅದೂ ಎಡಕ್ಕೆ ತಿರುಗಿತು. ಬೆರಳು ಹತ್ತಿರ ತಂದರೆ ಒಂದು ಹೆಜ್ಜೆ ಹಿಂದೆ ಸರಿದು, ಮುಂಗಾಲು ಎತ್ತಿ ನಿಂತಿತು.

ಜಿಗಿಯುವ ಜೇಡಗಳ ಪರಿಚಯವಾದದ್ದು ಹೀಗೆ. ಜೇಡಗಳಲ್ಲೇ ಅತಿ ದೊಡ್ಡ ಕುಟುಂಬ ಇವುಗಳದ್ದು, 6,000ಕ್ಕೂ ಹೆಚ್ಚು ಪ್ರಭೇದಗಳಿವೆ. ಎಂಟು ಕಣ್ಣು. ಮುಂದಿನ ಎರಡು ದೊಡ್ಡ ಕಣ್ಣುಗಳ ಮಸೂರ ಅಲುಗುವುದಿಲ್ಲ. ಅದರ ಹಿಂದೆ ಕೊಳವೆಯ ತುದಿಯಲ್ಲಿರುವ ಅಕ್ಷಿಪಟಲವೇ ಒಳಗೊಳಗೆ ಓಡಾಡುತ್ತದೆ. ಬದಿಯ ಕಣ್ಣುಗಳು ಸುತ್ತಲಿನ ಚಲನೆ ಹಿಡಿಯುತ್ತವೆ, ಮುಂದಿನವು ತಿರುಗಿ ಅದೇನೆಂದು ಪರೀಕ್ಷಿಸುತ್ತವೆ. ಹಿಂಗಾಲಿಗೆ ಒಮ್ಮೆಲೇ ರಕ್ತದ ಒತ್ತಡ ನುಗ್ಗಿಸಿ ಇವು ನೆಗೆಯುತ್ತವೆ. ನೆಗೆಯುವ ಮೊದಲು ಒಂದು ಎಳೆಯನ್ನು ನೆಲಕ್ಕೆ ಅಂಟಿಸಿಕೊಂಡಿರುತ್ತವೆ, ಗುರಿ ತಪ್ಪಿದರೆ ಅದೇ ಹಗ್ಗ. ಬೇಟೆಗೆ ಬಲೆ ನೇಯುವುದಿಲ್ಲ. ಕನ್ನಡದಲ್ಲಿ ಜೇಡ ಎಂದರೆ ನೇಕಾರನೂ ಹೌದು, ಜೇಡರ ದಾಸಿಮಯ್ಯ ನೇಕಾರರೇ. ಮುಂಡಕೋಪನಿಷತ್ತು ಸೃಷ್ಟಿಯನ್ನು ಹೋಲಿಸುವುದು ನೂಲು ಬಿಟ್ಟು ಒಳಗೆಳೆದುಕೊಳ್ಳುವ ಜೇಡಕ್ಕೆ. ಕಾಳಹಸ್ತಿಯ ಕತೆಯಲ್ಲಿ ಶಿವನಿಗೆ ಬಲೆಯ ಚಪ್ಪರ ಹಾಕಿದ್ದೂ ಜೇಡವೇ. ನಾವು ಜೇಡವನ್ನು ಉಪಮೆಯಾಗಿ ಬಹಳ ಸಲ ನೋಡಿದ್ದೇವೆ, ಜೇಡವಾಗಿ ನೋಡಿದ್ದು ಕಡಿಮೆ ಅನ್ನಿಸಿತು ನನಗೆ.

ಮೊಬೈಲಿಗೆ ಸಿಕ್ಕಿಸುವ ಮ್ಯಾಕ್ರೋ ಲೆನ್ಸ್ ಕೊಂಡೆ. ತಿಂಗಳೊಪ್ಪತ್ತಿನಲ್ಲಿ ಚಟ ಹತ್ತಿತು. ಆದರೆ ಗೋಡೆಯ ಮೇಲಿನ ಜೇಡ ನಾವು ಹೇಳಿದಂತೆ ನಿಲ್ಲುವುದಿಲ್ಲ, ಹತ್ತು ಚಿತ್ರದಲ್ಲಿ ಒಂಬತ್ತು ಮಸುಕು. ಹೊರದೇಶಗಳಲ್ಲಿ ಇವನ್ನು ಸಾಕುತ್ತಾರೆ. ಅಮೆರಿಕದ ಫಿಡಿಪ್ಪಸ್ ರೀಜಿಯಸ್ ಎಂಬ ದಪ್ಪ ಜೇಡ ಬೆಕ್ಕುನಾಯಿಗಳಂತೆ ಹೆಸರಿಟ್ಟು ಸಾಕುವಷ್ಟು ಜನಪ್ರಿಯ. ನಾನೂ ಅಡಿಕೆ ತೋಟದಿಂದ ಒಂದನ್ನು ಡಬ್ಬಿಯಲ್ಲಿ ಹಾಕಿ ತಂದೆ. ಹೈಲಸ್ ಕುಲದ ಹೆಣ್ಣು, ಮೈತುಂಬ ಕೂದಲು. ಡಬ್ಬಿಗೆ ಕಾದ ಸೂಜಿಯಿಂದ ತೂತು ಕೊರೆದೆ, ಅಡಿಕೆ ಹಾಳೆಯ ಚೂರು ಇಟ್ಟೆ, ದಿನಕ್ಕೊಮ್ಮೆ ನೀರು ಚಿಮುಕಿಸಿದೆ, ಬಾಳೆಹಣ್ಣಿನ ಸಿಪ್ಪೆಗೆ ಬರುವ ಸಣ್ಣ ನೊಣಗಳನ್ನು ಹಿಡಿದು ಹಾಕಿದೆ. ಎರಡು ತಿಂಗಳು ಅದು ನನ್ನ ಮೇಜಿನ ಮೇಲಿತ್ತು.

ಒಂದು ದಿನ ಅದು ಮುಚ್ಚಳದ ಮೂಲೆಯಲ್ಲಿ ಬಿಳಿ ರೇಷ್ಮೆಯ ಚೀಲ ಕಟ್ಟಿಕೊಂಡು ಒಳಗೆ ಸೇರಿತು. ನೊಣ ಹಾಕಿದರೂ ಹೊರಬರಲಿಲ್ಲ. ಪೊರೆ ಕಳಚುವ ಮುಂಚೆ ಈ ಜೇಡಗಳು ಹೀಗೇ ಮಾಡುತ್ತವೆ, ಆಗ ಅವನ್ನು ಮುಟ್ಟಬಾರದು ಎಂದು ನಾನು ಓದಿದ್ದೆ. ತಿಳಿಯದೆ ಮಾಡಿದೆ ಎಂದು ಹೇಳಿಕೊಳ್ಳುವ ದಾರಿ ನನಗಿಲ್ಲ. ಪೊರೆ ಕಳಚುವ ಚಿತ್ರ ನನಗೆ ಬೇಕಿತ್ತು. ಚಿಮಟದಿಂದ ಚೀಲವನ್ನು ಒಂದು ಬದಿಗೆ ಬಿಡಿಸಿ, ಟಾರ್ಚಿನ ಬೆಳಕು ಬಿಟ್ಟು, ಒಂದು ಗಂಟೆ ಕೂತೆ. ಚಿತ್ರ ಬಂತು. ಹಳೆಯ ಪೊರೆಯಿಂದ ಅರ್ಧ ಹೊರಬಂದ, ಗಾಜಿನಂತೆ ತಿಳಿಯಾದ ಮೈ. ಆದರೆ ಮುಂದಿನ ಎರಡು ಕಾಲು ಪೊರೆಯಲ್ಲೇ ಸಿಕ್ಕಿಕೊಂಡವು. ಮೂರನೆಯ ದಿನ ಅದು ಸತ್ತಿತು. ನಾನು ಹಾಕಿದ ಆ ಚಿತ್ರವನ್ನು ಮೆಚ್ಚಿದವರು ನೂರಾರು ಜನ. ಜೇಡಕ್ಕೆ ಏನಾಯಿತೆಂದು ಒಬ್ಬರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಅಮ್ಮನಿಗೆ ಫೋನಿನಲ್ಲಿ ಹೇಳಿದಾಗ ಅವಳು, ‘ಭಾನುವಾರ ಕೋಳಿಸಾರು ಉಣ್ಣೋಳು ಜೇಡಕ್ಕೆ ಅಳ್ತೀಯಲ್ಲೇ’ ಅಂದಳು. ಈ ಮಾತನ್ನು ತಳ್ಳಿಹಾಕಲಾರೆ. ಗದ್ದೆಗೆ ಹೊಡೆಯುವ ಒಂದು ಡಬ್ಬಿ ಔಷಧಿಗೆ ಸಾಯುವ ಜೇಡಗಳ ಮುಂದೆ ನನ್ನದು ಯಾವ ಲೆಕ್ಕ? ಆ ಅನ್ನವನ್ನು ನಾನೂ ಉಣ್ಣುತ್ತೇನೆ. ಹಾಗಾದರೆ ನನ್ನ ದುಃಖ ಬರೀ ಸೋಗೇ?

ಸತ್ತ ಮೇಲೆ ನಾನು ನನಗೇ ಹೇಳಿಕೊಂಡ ಮೊದಲ ಸಮಾಧಾನ, ಅಷ್ಟು ಸಣ್ಣ ಜೀವಕ್ಕೆ ಏನು ತಿಳಿಯುತ್ತದೆ ಎಂಬುದು. ಆದರೆ 2022ರಲ್ಲಿ ಜರ್ಮನಿಯ ಕೊನ್‌ಸ್ಟಾನ್ಸ್ ವಿಶ್ವವಿದ್ಯಾಲಯದ ಡೇನಿಯೆಲಾ ರೋಸ್ಲರ್ ಮತ್ತು ಸಂಗಡಿಗರು ಒಂದು ಅಧ್ಯಯನ ಪ್ರಕಟಿಸಿದರು. ಇವಾರ್ಕಾ ಆರ್ಕುವಾಟಾ ಎಂಬ ಜಿಗಿಯುವ ಜೇಡದ ಮರಿಗಳ ಮೈ ಪಾರದರ್ಶಕವಾಗಿರುವುದರಿಂದ ಒಳಗಿನ ಕಣ್ಣಿನ ಕೊಳವೆಗಳು ಕಾಣುತ್ತವೆ. ರಾತ್ರಿ ಎಳೆಗೆ ಜೋತುಬಿದ್ದು ಮಲಗಿರುವಾಗ ಆ ಕೊಳವೆಗಳು ಆಗಾಗ ಅಲುಗುತ್ತವೆ, ಕಾಲುಗಳು ಮಿಡಿಯುತ್ತವೆ. ನಮಗೆ ಕನಸು ಬೀಳುವ ನಿದ್ರೆಯ ಹಂತವನ್ನು ಇದು ಹೋಲುತ್ತದೆ. ಜೇಡ ಕನಸು ಕಾಣುತ್ತದೆ ಎಂದು ಆ ಅಧ್ಯಯನ ಸಾಧಿಸಿಲ್ಲ. ಆದರೆ ‘ಏನೂ ತಿಳಿಯುವುದಿಲ್ಲ’ ಎಂದು ಕಣ್ಣುಮುಚ್ಚಿ ಹೇಳುವ ಧೈರ್ಯ ಅದನ್ನು ಓದಿದ ಮೇಲೆ ನನಗೆ ಉಳಿಯಲಿಲ್ಲ.

ಎರಡನೆಯ ಸಮಾಧಾನ, ನನ್ನ ಡಬ್ಬಿಯಲ್ಲಿ ಅದು ಸುಖವಾಗಿತ್ತಲ್ಲ ಎಂಬುದು. ಕಣಜದ ಕಾಟವಿಲ್ಲ, ಹಸಿವಿಲ್ಲ, ಹಲ್ಲಿಯ ಭಯವಿಲ್ಲ. ಯಾರನ್ನಾದರೂ ಒಳಗಿಟ್ಟವರೆಲ್ಲ ಹೇಳುವುದು ಇದನ್ನೇ ಎಂಬುದು ಹೆಣ್ಣಾಗಿ ನನಗೆ ಬೇಗ ಹೊಳೆಯಬೇಕಿತ್ತು. ಸಾಕುವುದು ಎಂದರೆ ಅನ್ನ ನೀರು ಕೊಡುವುದಷ್ಟೇ ಅಲ್ಲ, ಎಷ್ಟು ಸಾಕು ಎಂದು ಎದುರಿನ ಜೀವದ ಬದಲಿಗೆ ನಾವೇ ತೀರ್ಮಾನಿಸುವುದು ಕೂಡ. ಆ ಜೇಡಕ್ಕೆ ಎಷ್ಟು ಬೆಳಕು ಸಾಕು, ಎಷ್ಟು ಕತ್ತಲೆ ಸಾಕು ಎಂದು ತೀರ್ಮಾನಿಸುತ್ತಿದ್ದವಳು ನಾನು.

ಅಮ್ಮನ ಪ್ರಶ್ನೆಗೆ ಉತ್ತರ ಇಲ್ಲೇ ಇದೆ ಅನ್ನಿಸುತ್ತದೆ. ತೋಟದಲ್ಲಿ ಅದೇ ಜೇಡ ಪೊರೆ ಕಳಚುವಾಗ ಸತ್ತಿದ್ದರೆ ಅದೊಂದು ಸಾವು, ಅಷ್ಟೇ. ಮುಚ್ಚಳ ಹಾಕಿದ ಮೇಲೆ ಅದರ ಮಳೆ, ಬಿಸಿಲು, ಬೇಟೆ, ಮರೆ ಎಲ್ಲವೂ ನಾನೇ ಆದೆ. ಅಲ್ಲಿಂದ ಮುಂದೆ ಅದಕ್ಕೆ ಆದದ್ದೆಲ್ಲ ನನ್ನ ಕೆಲಸ. ಕೋಳಿಸಾರಿನಲ್ಲೂ ಔಷಧಿಯಲ್ಲೂ ನನಗೆ ಪಾಲಿದೆ, ಅದರ ಪ್ರಶ್ನೆ ಬೇರೆ, ಅದು ದೊಡ್ಡದೇ ಇರಬಹುದು. ಆದರೆ ಒಂದು ತಪ್ಪು ದೊಡ್ಡದು ಎಂಬ ಕಾರಣಕ್ಕೆ ಇನ್ನೊಂದು ತಪ್ಪು ಇಲ್ಲವಾಗುವುದಿಲ್ಲ. ನಂಬಿ ಬಂದವರಿಗೆ ಮಾಡಿದ ದ್ರೋಹ ಬೇರೆ ಎನ್ನುತ್ತಾರಲ್ಲ, ಇಲ್ಲಿ ಜೇಡ ನಂಬಿಯೂ ಬಂದಿರಲಿಲ್ಲ. ನಾನೇ ತಂದದ್ದು. ಹಾಗಾಗಿ ಹೊಣೆ ಇನ್ನೂ ಹೆಚ್ಚು.

ಹಾಗಾದರೆ ಹಿಡಿಯುವುದೇ ತಪ್ಪೇ? ಇಷ್ಟು ಸುಲಭವಾಗಿ ಮುಗಿಸಲು ನನಗೆ ಆಗುತ್ತಿಲ್ಲ. ರೋಸ್ಲರ್ ಕೂಡ ಜೇಡಗಳನ್ನು ಹಿಡಿದು ಡಬ್ಬಿಯಲ್ಲಿ ಕಿಟಕಿಯ ಬಳಿ ಇಟ್ಟಿದ್ದರಿಂದಲೇ ಅವು ರಾತ್ರಿ ಎಳೆಗೆ ಜೋತುಬೀಳುವುದನ್ನು ಕಂಡರು. ನನ್ನ ಮೊದಲ ಸಮಾಧಾನವನ್ನು ಮುರಿದ ಅರಿವು ಹುಟ್ಟಿದ್ದೇ ಡಬ್ಬಿಯೊಳಗೆ. 2024ರಲ್ಲಿ ಕಿರಣ್ ಮರಾಠೆ ಮತ್ತು ಸಂಗಡಿಗರು ದಕ್ಷಿಣ ಭಾರತದ ಜಿಗಿಯುವ ಜೇಡಗಳ ಹೊಸ ಕುಲವೊಂದಕ್ಕೆ ‘ತೆಂಕಣ’ ಎಂದು ಹೆಸರಿಟ್ಟರು. ನಮ್ಮ ತೆಂಕಣವೇ. ಪಂಪನನ್ನು, ಪಂಜೆಯವರನ್ನು ಓದಿದ ಯಾವ ಕನ್ನಡ ವಿದ್ಯಾರ್ಥಿಗೂ ಕಿವಿ ನಿಮಿರುವ ಪದ. ಅದರಲ್ಲಿ ಕರ್ನಾಟಕದ ಹೊಸ ಪ್ರಭೇದಕ್ಕೆ ಜಯಮಂಗಲಿ ನದಿಯ ಹೆಸರು. ಈ ಸುದ್ದಿ ಓದಿ ಹಾಸ್ಟೆಲಿನ ಗೆಳತಿಯರಿಗೆಲ್ಲ ಹೇಳಿ ಸಂಭ್ರಮಿಸಿದ್ದೆ. ಆದರೆ ಹೊಸ ಪ್ರಭೇದವೊಂದಕ್ಕೆ ಹೆಸರಿಡಬೇಕಾದರೆ ಸಂಗ್ರಹದಲ್ಲಿ ಅದರ ಮಾದರಿ ಇರಲೇಬೇಕು, ಎಂದರೆ ಮದ್ಯಸಾರದಲ್ಲಿ ಮುಳುಗಿಸಿಟ್ಟ ಜೇಡ. ಆ ಕನ್ನಡ ಹೆಸರೂ ಅಂಥ ಸಾವುಗಳ ಮೇಲೆಯೇ ನಿಂತಿದೆ. ಅದನ್ನು ಮರೆತು ಸಂಭ್ರಮಿಸುವುದು ಸರಿಯಲ್ಲ, ಅದಕ್ಕಾಗಿ ಹೆಸರೇ ಬೇಡವಾಗಿತ್ತು ಎನ್ನಲೂ ಬಾಯಿ ಬರುವುದಿಲ್ಲ.

ಒಂದು ವ್ಯತ್ಯಾಸವಂತೂ ಇದೆ. ಸಂಗ್ರಹಾಲಯದ ಪ್ರತಿ ಮಾದರಿಯ ಜೊತೆ ಒಂದು ಚೀಟಿ ಇರುತ್ತದೆ. ಎಲ್ಲಿ ಸಿಕ್ಕಿತು, ಯಾವ ದಿನ, ಹಿಡಿದವರು ಯಾರು. ಈ ಜೀವವನ್ನು ತೆಗೆದುಕೊಂಡವನು ನಾನು ಎಂದು ಹೆಸರು ಹಾಕಿ ಒಪ್ಪಿಕೊಳ್ಳುವ ಚೀಟಿ ಅದು. ನನ್ನ ಚಿತ್ರಕ್ಕೆ ಅಂಥ ಚೀಟಿ ಇರಲಿಲ್ಲ.

ಇದು ಹೊಳೆದದ್ದು ಜಗಳೂರಿನಲ್ಲಿ. ಕೊಂಡುಕುರಿಗಳಿಗೆಂದೇ ಕಾಯ್ದಿಟ್ಟ ರಂಗಯ್ಯನದುರ್ಗದ ಕಾಡಿನ ಕಡೆಗಿನ ಒಂದು ಊರು. ಅಲ್ಲಿನ ಅಜ್ಜಿಯೊಬ್ಬರು ಸೋಬಾನೆಯ ಪದಗಳನ್ನು ಒಂದರ ಮೇಲೊಂದು ಹಾಡಿದರು. ಹೆಣ್ಣು ಕಳಿಸುವ ಪದ ಕೇಳಿದಾಗ ಮಾತ್ರ ನಿಲ್ಲಿಸಿದರು. ‘ಅದು ಹೆಣ್ಣು ಕಳಿಸೋ ಹೊತ್ತಿನ ಪದ ಐತೆ ತಾಯಿ. ಸುಮ್ಮಸುಮ್ಮನೆ ಬಾಯಿಗೆ ಬರಲ್ಲ. ಮದುವೆಗೆ ಬಾ, ಕೇಳುವಂತೆ’ ಅಂದರು. ನಾನು ಇನ್ನೊಂದು ಸಲ ಕೇಳಲು ಬಾಯಿ ತೆರೆದಿದ್ದೆ. ನನ್ನ ಅಧ್ಯಾಯಕ್ಕೆ ಆ ಪದ ಬೇಕಿತ್ತು. ಆಗ ಆ ಬಿಳಿ ಚೀಲ ಕಣ್ಣ ಮುಂದೆ ಬಂತು. ರೆಕಾರ್ಡರ್ ಆರಿಸಿ ಚೀಲಕ್ಕೆ ಹಾಕಿದೆ. ಅಜ್ಜಿ ಬೇಡ ಎನ್ನಬಲ್ಲರು, ಅಂದರು, ನಾನು ಕೇಳಿಸಿಕೊಂಡೆ. ಜೇಡವೂ ಬೇಡ ಎಂದಿತ್ತು. ಸುತ್ತ ರೇಷ್ಮೆ ಕಟ್ಟಿಕೊಂಡು ಒಳಗೆ ಕೂರುವುದಕ್ಕಿಂತ ಸ್ಪಷ್ಟವಾಗಿ ಅದು ಇನ್ನು ಹೇಗೆ ಹೇಳಬೇಕಿತ್ತು?

ನೋಡುವುದರಿಂದ ಪ್ರೀತಿ ಹುಟ್ಟುತ್ತದೆ ಎನ್ನುತ್ತಾರೆ. ಸುಳ್ಳಲ್ಲ. ನನ್ನ ಚಿತ್ರಗಳನ್ನು ನೋಡಿ ನೋಡಿ ಅಮ್ಮ ಈಗ ಗೋಡೆಯ ಮೇಲಿನ ಜಿಗಿಯುವ ಜೇಡಕ್ಕೆ ಪೊರಕೆ ಎತ್ತುವುದಿಲ್ಲ, ‘ನಿನ್ನ ನೆಂಟ ಬಂದಾನೆ ನೋಡು’ ಎಂದು ಫೋನು ಮಾಡುತ್ತಾಳೆ. ಆದರೆ ಪ್ರೀತಿಯ ಹೆಸರಿನಲ್ಲಿ ವ್ಯಾಪಾರವೂ ನಡೆಯುತ್ತದೆ. ಭಾರತ, ಶ್ರೀಲಂಕಾಗಳ ಚೆಂದದ ಪೀಸಿಲೋಥೀರಿಯಾ ಟರಾಂಟುಲಾಗಳನ್ನು ಸಾಕುವವರಿಗೆ ಮಾರುವ ದಂಧೆಯ ಮೇಲೆ ಕಣ್ಣಿಡಲು 2019ರಲ್ಲಿ ಅವುಗಳನ್ನು ಸೈಟಿಸ್ ಒಪ್ಪಂದದ ಎರಡನೆಯ ಪಟ್ಟಿಗೆ ಸೇರಿಸಬೇಕಾಯಿತು. ಕಾಡಿನಿಂದ ಅವನ್ನು ಹಿಡಿಸಿ ತರಿಸಿಕೊಂಡವರಲ್ಲಿ ಜೇಡವನ್ನು ದ್ವೇಷಿಸುವವರು ಯಾರೂ ಇರಲಾರರು. ಪ್ರೀತಿ ಇದೆ ಎಂಬುದಷ್ಟೇ ಸಾಲದು.

ಕಳೆದ ವಾರ ಆ ಚಿತ್ರವನ್ನು ಅಳಿಸಲು ಹೋದೆ. ಅಳಿಸಿದರೆ ನಡೆದದ್ದೂ ಅಳಿಸಿದಂತೆ ಅನ್ನಿಸಿ ಬಿಟ್ಟೆ. ಅದರ ಕೆಳಗೆ ಒಂದು ಚೀಟಿ ಬರೆದೆ: ಹೈಲಸ್ ಕುಲ, ಹೆಣ್ಣು. ಚನ್ನಗಿರಿ ತಾಲ್ಲೂಕಿನ ಅಡಿಕೆ ತೋಟದಿಂದ ಹಿಡಿದು ತಂದವಳು ನಾನು. ಪೊರೆ ಕಳಚುವಾಗ ಚಿತ್ರಕ್ಕಾಗಿ ಗೂಡು ಬಿಡಿಸಿದೆ. ಮೂರನೆಯ ದಿನ ಸತ್ತಿತು. ಕೆಲವರು ಮೆಚ್ಚುಗೆ ವಾಪಸು ಪಡೆದರು. ಒಬ್ಬರು ಬೈದರು. ಬೈದದ್ದು ಸರಿಯಾಗಿಯೇ ಇತ್ತು.

ಡಬ್ಬಿಯನ್ನು ತೊಳೆದು ಸೂಜಿದಾರ ಹಾಕಿಟ್ಟಿದ್ದೇನೆ. ಚಿತ್ರ ತೆಗೆಯುವುದನ್ನು ಬಿಟ್ಟಿಲ್ಲ. ಕಿಟಕಿಯ ಚೌಕಟ್ಟಿನಲ್ಲಿ ಒಂದು ಬೂದು ಪಟ್ಟೆಯ ಜೇಡವಿದೆ, ಬೆಳಿಗ್ಗೆ ಬಿಸಿಲು ಬೀಳುವ ಹೊತ್ತಿಗೆ ಬರುತ್ತದೆ, ಮನಸ್ಸಿದ್ದರೆ ನನ್ನ ಕಡೆ ತಿರುಗುತ್ತದೆ. ಮೂರು ದಿನದಿಂದ ಕಂಡಿಲ್ಲ. ಎಲ್ಲಿ ಹೋಯಿತೋ ಗೊತ್ತಿಲ್ಲ. ಬರುವ ತಿಂಗಳು ಜಗಳೂರಿನಲ್ಲಿ ಮದುವೆ ಇದೆ, ಅಜ್ಜಿ ಹೇಳಿ ಕಳಿಸಿದ್ದಾರೆ.